ಎ ಫ್ರೇಮ್ ಕ್ಯಾಬಿನ್ ಕಿಟ್ ತಗೊಂಡು ಮನೆ ಮಾಡ್ಕೊಂಡ್ರೆ ಹೆಂಗೆ? ಪುಣೆ ಕಡೆ ಯಾರಾದ್ರೂ ಮಾಡಿದೀರಾ?

ವಾಕಡ್_ವಾಸಿ
ಎಲ್ರಿಗೂ ನಮಸ್ಕಾರ. ಊರು ಸಾಗರ, ಕೆಲಸ ಹಿಂಜವಡಿ, ವಾಕಡ್‌ನಲ್ಲಿ 1 ಬಿಎಚ್‌ಕೆಗೆ 23 ಸಾವಿರ ಬಾಡಿಗೆ, ಪ್ರತಿ 11 ತಿಂಗಳಿಗೆ ಅಗ್ರಿಮೆಂಟ್ ಬಂದಾಗ ಓನರ್ ಮುಖ ನೋಡೋದೇ ಒಂದು ಹಿಂಸೆ. ಫ್ಲಾಟ್ ನೋಡೋಣ ಅಂತ ಎರಡು ವರ್ಷದಿಂದ ಸುತ್ತುತಾ ಇದೀನಿ, 65 ಲಕ್ಷಕ್ಕಿಂತ ಕೆಳಗೆ ನಮಗೆ ಇಷ್ಟ ಆಗಿದ್ದು ಒಂದೂ ಇಲ್ಲ. ಹೋದ ತಿಂಗಳು ಪವನಾ ಕೆರೆ ಹತ್ರ ಆಫೀಸ್ ಔಟಿಂಗ್ ಹೋಗಿದ್ವಿ, ಅಲ್ಲಿ ಉಳ್ಕೊಂಡಿದ್ದು ಎ ಫ್ರೇಮ್ ಕ್ಯಾಬಿನ್‌ನಲ್ಲಿ, ನೆಲದಿಂದಾನೇ ಛಾವಣಿ ಶುರುವಾಗುತ್ತಲ್ಲ ತ್ರಿಕೋನದ ಥರ ಅದು, ತಲೆಗೆ ಹುಳ ಬಿಟ್ಕೊಂಡು ಬಂದೆ. ವಿಚಾರಿಸಿದ್ರೆ 20 ಅಡಿ ಅಗಲ 24 ಅಡಿ ಉದ್ದದ್ದು 9 ಲಕ್ಷಕ್ಕೆ ಕಿಟ್ ಕೊಡ್ತಾರಂತೆ, ಸ್ಟೀಲ್ ಫ್ರೇಮು, ಪ್ಯಾನಲ್ಲು, ಮುಂದೆ ಗಾಜು, ನಟ್ಟು ಬೋಲ್ಟು ಎಲ್ಲ ಲಾರಿಯಲ್ಲಿ ಬರುತ್ತೆ, 20 ದಿನದಲ್ಲಿ ನಿಲ್ಲಿಸ್ತೀವಿ ಅಂದ. 480 ಚದರಡಿ, ಮೇಲೆ ಮಲಗೋಕೆ ಅಟ್ಟ. ಮುಳಶಿ ಕಡೆ 2 ಗುಂಟೆ ಜಾಗ ಬ್ರೋಕರ್ ತೋರಿಸ್ತಾ ಇದಾನೆ, ಎರಡೂ ಸೇರಿದ್ರೂ ಫ್ಲಾಟಿನ ಅರ್ಧ ಆಗಲ್ಲ. ನಾನು, ಹೆಂಡತಿ, ಅಮ್ಮ ಮೂರೇ ಜನ. ವಾರಕ್ಕೆ ಎರಡು ದಿನ ಆಫೀಸು. ಹುಚ್ಚಾ ಇದು, ಇಲ್ಲ ಎಲ್ರೂ ಯಾಕೆ ಹಿಂಗೆ ಮಾಡ್ತಿಲ್ಲ?

ಪೇಡಾಪ್ರಿಯ
ಹುಚ್ಚಲ್ರಿ, ಆದ್ರ ಲೆಕ್ಕ ಒಂಚೂರು ತಪ್ಪೇತಿ. ನಾ ಧಾರವಾಡದಾಂವ, ಭೋಸರಿ ಕಡೆ ಫ್ಯಾಕ್ಟರಿ ಶೆಡ್ ಕಟ್ಟಸೂ ಕೆಲಸ, ಈ ಸ್ಟೀಲು ಶೀಟು ದಿನಾ ನನ್ನ ಕೈಯಾಗ ಆಡೂವಂಥವು. 480 ಅಂತ ಹೇಳ್ತಾರಲ್ರಿ, ಅದು ನೆಲದ ಲೆಕ್ಕ. 60 ಡಿಗ್ರಿ ಇಳಿಜಾರು ಹಿಡದ್ರ ಎತ್ತರ 17 ಅಡಿ ಚಿಲ್ಲರ ಬರ್ತೇತಿ. 6 ಅಡಿ ಎತ್ತರದಾಗ ಟೇಪ್ ಹಿಡದು ನೋಡ್ರಿ, 20 ಅಡಿ ಅಗಲ ಇದ್ದದ್ದು 13 ಆಗಿರ್ತೇತಿ. ಅಂದ್ರ ತಲಿ ತಾಗಲಾರದ ನೆಟ್ಟಗ ಅಡ್ಡಾಡೂ ಜಾಗ 13 ಗುಣಾಕಾರ 24, ಸುಮಾರು 313 ಚದರಡಿ. ಉಳಿದಿದ್ದು ಬಗ್ಗಿ ಕಸಾ ಹೊಡಿಯೂ ಜಾಗ. ಅಟ್ಟ 8 ಅಡಿ ಮ್ಯಾಲ ಹಾಕಿದ್ರ ಅಲ್ಲಿ ನೆಲ ಪೌಣೆ ಹನ್ನೊಂದು ಅಡಿ ಅಗಲ ಸಿಗ್ತೇತಿ, ಖರೆ, ಆದ್ರ ಕುಂತು ಎದ್ದು ಮಾಡ್ಲಿಕ್ಕೆ ಬರೂವಂಥಾದ್ದು ನಡುವಿನ 5 ಅಡಿ ಪಟ್ಟಿ ಅಷ್ಟ.

ಇನ್ನೊಂದ್ ಮಾತು. ಗ್ವಾಡಿ ಉಳೀತು ಅಂತಾರಲ್ಲ ಅದೂ ಪೂರ್ತಿ ಖರೆ ಅಲ್ಲ. ಅದ 20 × 24 ಒಂದು ಸಾದಾ ಡಬ್ಬಿ ಮನಿ 10 ಅಡಿ ಎತ್ತರ ಕಟ್ಟಿದ್ರ ಸುತ್ತ ಗ್ವಾಡಿ 880, ಮ್ಯಾಲ ಛತ್ತು 480, ಒಟ್ಟು 1360 ಚದರಡಿ ಮುಚ್ಚಬೇಕು. ಎ ಫ್ರೇಮಿಗೆ ಎರಡೂ ಇಳಿಜಾರು ಸೇರಿ 960, ಮುಂದ ಹಿಂದ ತ್ರಿಕೋನ ಎರಡು ಸೇರಿ 346, ಒಟ್ಟು 1306. ಉಳಿದಿದ್ದು 54 ಚದರಡಿ. ಅದರಾಗ 960 ಛಾವಣಿ, ಅಂದ್ರ ನೀರು ತಡಿಯೂ, ಕಾವು ತಡಿಯೂ ತುಟ್ಟಿ ಸಾಮಾನು. ಇಟ್ಟಂಗಿ ಗ್ವಾಡಿ ಅಗ್ಗ ಇರ್ತೇತ್ರಿ ಮಳಿ ಛಾವಣಿಗಿಂತ. ಒಳಗಿನ ಗಾಳಿ ಲೆಕ್ಕ ಹಾಕಿದ್ರ ಡಬ್ಬಿ ಮನ್ಯಾಗ 4800 ಘನ ಅಡಿ, ಇದರಾಗ 4150. ಹೆಚ್ಚುಕಡಿಮಿ ಅಷ್ಟ ಸಾಮಾನು ಹಾಕಿ ಕಮ್ಮಿ ಮನಿ ತಗೊಂಡಂಗಾತು.

ವಾಕಡ್_ವಾಸಿ
ಅಯ್ಯೋ ಇದು ಹೊಳೀಲೇ ಇಲ್ಲ ನಂಗೆ. ಆದ್ರೆ ಬೇಗ ಆಗುತ್ತಲ್ವಾ, ಆರ್‌ಸಿಸಿ ಅಂದ್ರೆ ಎಂಟು ತಿಂಗಳು ಅಷ್ಟೂ ದಿನ ಬಾಡಿಗೆ ಕಟ್ಕೊಂಡು ಇರ್ಬೇಕು.

ಪೇಡಾಪ್ರಿಯ
ಬೇಗ ಆಗ್ತೇತಿ, ಅದು ಮಾತ್ರ ಖರೆ, ಅದರಾಗ ಎರಡ ಮಾತಿಲ್ಲ. ತ್ರಿಕೋನ ತಾನ ಗಟ್ಟಿ ಆಕಾರ, ಅಡ್ಡ ತೊಲಿ ಲೆಕ್ಕ ಕಮ್ಮಿ, ಹತ್ತು ಫ್ರೇಮು ಒಂದರ ಹಿಂದ ಒಂದು ನಿಲ್ಲಿಸಿ ಬೋಲ್ಟ್ ಬಿಗಿದ್ರ ಆತು. ಒಂದ ಜಾಗ ಹುಷಾರಿರ್ರಿ, ಅದರ ಎರಡೂ ಕಾಲು ಹೊರಗ ಸರೀಲಿಕ್ಕೆ ನೋಡ್ತಾವ, ಕೆಳಗ ಎರಡೂ ಕಾಲು ಹಿಡಿಯೂ ಟೈ, ಅಂದ್ರ ಅಡ್ಡ ಪಟ್ಟಿ, ಇರಬೇಕು. ಕೆಲವೊಬ್ರು ನಡುವ ಸಂಕನ್ ಫ್ಲೋರ್, ಅಂದ್ರ ನೆಲ ತಗ್ಗಿಸಿದ್ರ, ಚಂದ ಕಾಣ್ತೇತಿ ಅಂತ ಆ ಟೈನ ಕಡಿದು ಹಾಕ್ತಾರ. ಅಂಥಾ ಮನ್ಯಾಗ ನಾ ಅಂತೂ ಮಲಗೂದಿಲ್ಲ.

ಕುಡ್ಲದವ_ಠಾಣೆ
ನನ್ನದೇ ಒಂದು ಉಂಟು ಮಾರಾಯ್ರೆ, ಕರ್ಜತ್ ಹತ್ರ, ಹಾಗಾಗಿ ಬರೀತಿದ್ದೇನೆ. 2021ರಲ್ಲಿ ಮಾಡಿದ್ದು, ಇದೇ ಸೈಜು. ಎನ್‌ಎ ಪ್ಲಾಟು, ಅಂದ್ರೆ ಕೃಷಿಯೇತರ ಅಂತ ಆದ ಜಾಗ, ಮೊದಲೇ ಇತ್ತು, 5 ಗುಂಟೆ, ಹಾಗಾಗಿ ಜಾಗದ ಖರ್ಚು ಬಿಟ್ಟು ಹೇಳ್ತೇನೆ. ಕಿಟ್ 9 ಲಕ್ಷ ಹೇಳಿದ್ರು, ಅದಕ್ಕೆ 18% ಜಿಎಸ್‌ಟಿ ಸೇರಿ 10.62. ಫುಟಿಂಗ್ ಮತ್ತೆ ಪ್ಲಿಂತ್ 1.9, ಲಾರಿ ಮತ್ತೆ ನಿಲ್ಲಿಸ್ಲಿಕ್ಕೆ ಜನ 70 ಸಾವಿರ, ವೈರಿಂಗ್ ಪ್ಲಂಬಿಂಗ್ 1.4, ಬಚ್ಚಲು ಸೆಪ್ಟಿಕ್ ಟ್ಯಾಂಕ್ ಸೋಕ್ ಪಿಟ್ 1.6, ಬೋರ್‌ವೆಲ್ 1.1. ಅಲ್ಲಿಗೆ ನಿಲ್ಲಬೇಕಿತ್ತು, ಆದ್ರೆ ಮೊದಲ ಏಪ್ರಿಲ್ ಬಂತಲ್ಲ, ಅಟ್ಟದಲ್ಲಿ ಮಲಗಿದ ಹೆಂಡತಿ ರಾತ್ರಿ 12ಕ್ಕೆ ಚಾಪೆ ಹಿಡ್ಕೊಂಡು ಕೆಳಗೆ ಬಂದು ನಾಳೆ ಬೆಳಗ್ಗೆ ಠಾಣೆಗೆ ಹೋಗುವ ಅಂತ ಹೇಳಿದ್ಲು. ಬಿಸಿ ಗಾಳಿ ಎಲ್ಲ ಮೇಲೆಯೇ ಹೋಗಿ ಕೂರ್ತದೆ, ತುದಿಯಲ್ಲಿ ಹೊರಗೆ ಹೋಗ್ಲಿಕ್ಕೆ ದಾರಿಯೇ ಇಡ್ಲಿಲ್ಲ ಅವರು. ಮತ್ತೆ ಒಳಗಿಂದ ಗ್ಲಾಸ್‌ವೂಲ್, ಅದರ ಮೇಲೆ ಫೈಬರ್ ಸಿಮೆಂಟ್ ಬೋರ್ಡು, ತುದಿಗೆ ವೆಂಟು, ಹೋಯ್ತು ಇನ್ನೊಂದು 1.3. ಕೂಡಿಸಿ ನೋಡಿ, 18.62. ಕಿಟ್ಟಿನ ಬೆಲೆಗೆ ಡಬಲ್ ಮಾಡಿ ಇನ್ನೊಂದು ಅರವತ್ತು ಸಾವಿರ ಇಟ್ಕೊಳ್ಳಿ.

ಬೇಜಾರಿಲ್ಲ ನನಗೆ, ಹೇಳ್ಬೇಕಲ್ಲ. ತಿಂಗಳಿಗೆ ಎರಡು ಸಲ ಹೋಗ್ತೇವೆ, ಮೊಮ್ಮಕ್ಕಳಿಗೆ ಖುಷಿ. ಆದ್ರೆ ಅದನ್ನು ಮನೆ ಅಂತ ನಾನು ಯಾವತ್ತೂ ಹೇಳಿಲ್ಲ.

ಸೊಲ್ಲಾಪುರ_ಚಾದರ
ಎಸಿ ಹಾಕಿ ನೋಡ್ರಿ. ಅಟ್ಟದ ಮಂದಿ ಬೆವರ್ತಾರ, ಕೆಳಗಿನ ಮಂದಿ ಚಾದರ ಹೊಚ್ಗೋತಾರ. ನಮ್ಮೂರಿಗೆ ಲಾಭ 😄

ಕೋಥ್ರೂಡ್_ಅಕ್ಕ
ವಾಕಡ್ ತಮ್ಮಾ, ಕಿಟ್ಟು ಆಮೇಲಿರ್ಲಿ, ಆ 2 ಗುಂಟೆ ಜಾಗದ ವಿಷಯಕ್ಕೆ ಬಾ. ನಾನು ಬ್ಯಾಂಕಿನ ಹೌಸಿಂಗ್ ಲೋನ್ ಸೆಕ್ಷನ್‌ನಲ್ಲಿದ್ದು ರಿಟೈರ್ ಆದವಳು, ಇಂಥಾ ಫೈಲು ವಾಪಸ್ ಕಳ್ಸಿ ಕಳ್ಸಿ ಕೈ ನೋವು ಬಂದಿದೆ. ಅದು ಎನ್‌ಎ ಆಗಿದ್ಯಾ ಇಲ್ವಾ ಅದನ್ನ ಮೊದಲು ಕೇಳು. ಸಾತಬಾರಾ, ಅಂದ್ರೆ ಇಲ್ಲಿನ ಪಹಣಿ, ತೆಗೆಸಿದ್ಯಾ? ಅದರಲ್ಲಿ ನಿಂಗೆ ಮಾರೋನ ಹೆಸರು ಒಂದೇ ಇದ್ಯಾ, ಇಲ್ಲ ಹದಿನಾಲ್ಕು ಜನ ಅಣ್ಣ ತಮ್ಮಂದಿರ ಹೆಸರಿದ್ಯಾ? ನಮ್ಮ ಕರ್ನಾಟಕದಲ್ಲಿ 2020ರಲ್ಲಿ ಕಾನೂನು ಬದಲಾಯ್ಸಿ ರೈತರಲ್ಲದವ್ರೂ ಹೊಲ ತಗೋಬಹುದು ಅಂತ ಮಾಡಿದ್ರು, ಅದನ್ನೇ ತಲೇಲಿ ಇಟ್ಕೊಂಡು ಇಲ್ಲಿ ಜನ ಮೋಸ ಹೋಗ್ತಾರೆ. ಮಹಾರಾಷ್ಟ್ರದಲ್ಲಿ 1948ರ ಟೆನೆನ್ಸಿ ಕಾಯ್ದೆ ಇನ್ನೂ ಹಂಗೇ ಇದೆ, ರೈತ ಅಲ್ಲದವನು ಕಲೆಕ್ಟರ್ ಪರ್ಮಿಷನ್ ಇಲ್ದೆ ಕೃಷಿ ಜಮೀನು ತಗೊಳ್ಳೋ ಹಂಗಿಲ್ಲ. ಅದ್ರ ಮೇಲೆ 1947ರ ತುಕಡೆಬಂದಿ ಕಾಯ್ದೆ, ಹೊಲಾನ ಒಂದು ಗುಂಟೆ ಎರಡು ಗುಂಟೆ ತುಂಡು ಮಾಡಿ ಮಾರೋಕೆ ಅಡ್ಡಿ ಇರೋದೇ ಅದಕ್ಕೆ. ಆ ಬ್ರೋಕರ್ ನಾಲ್ಕು ಜನರ ಹೆಸರಲ್ಲಿ ಜಂಟಿ ಖರೀದಿ ಮಾಡಿಸ್ತೀನಿ ಅಂತಾನೆ ನೋಡು.

ವಾಕಡ್_ವಾಸಿ
ಅಕ್ಕಾ ನೀವು ಅವನ ಆಫೀಸಲ್ಲಿ ಕೂತಿದ್ರಾ 😐 ಹತ್ತು ಜನ ಅಂದ. ಆದ್ರೆ ಇದು ಪರ್ಮನೆಂಟ್ ಸ್ಟ್ರಕ್ಚರ್ ಅಲ್ಲ, ಬೋಲ್ಟ್ ಬಿಚ್ಚಿದ್ರೆ ಎದ್ದು ಬರುತ್ತೆ, ಹಾಗಾಗಿ ಪರ್ಮಿಷನ್ನೇ ಬೇಡ ಅಂತಾನೂ ಅಂದ ಅವನು.

ಕೋಥ್ರೂಡ್_ಅಕ್ಕ
ಕೆಳಗೆ ಕಾಂಕ್ರೀಟ್ ಹಾಕಿ, ಅಡುಗೆಮನೆ ಕಕ್ಕಸು ಮಾಡ್ಕೊಂಡು, ಸಂಸಾರ ಸಮೇತ ಇದ್ರೆ ಅದು ಮನೇನೇ ಕಣಪ್ಪಾ, ನಟ್ಟಿನ ಮೇಲೆ ನಿಂತಿದ್ಯೋ ಸಿಮೆಂಟ್ ಮೇಲೆ ನಿಂತಿದ್ಯೋ ಪಿಎಂಆರ್‌ಡಿಎದವ್ರು (ಪುಣೆ ಮಹಾನಗರ ಅಭಿವೃದ್ಧಿ ಪ್ರಾಧಿಕಾರ) ನೋಡಲ್ಲ. ಬ್ಯಾಂಕಿನವರೂ ನೋಡಲ್ಲ, ಆದ್ರೆ ಉಲ್ಟಾ ಕಡೆಯಿಂದ. ಅವ್ರಿಗೆ ಅಡಮಾನ ಇಟ್ಕೊಳ್ಳೋಕೆ ಕ್ಲಿಯರ್ ಟೈಟಲ್ ಇರೋ ಜಾಗ, ಸ್ಯಾಂಕ್ಷನ್ ಪ್ಲಾನ್ ಬೇಕು. ಅದಿಲ್ದೆ ಹೋಮ್ ಲೋನ್ ಇಲ್ಲ, ಪರ್ಸನಲ್ ಲೋನ್ ತಗೊ ಅಂತಾರೆ. ಈಗ ಲೆಕ್ಕ ನೋಡು. 9 ಲಕ್ಷ ಪರ್ಸನಲ್ ಲೋನ್ 12 ಪರ್ಸೆಂಟ್, 5 ವರ್ಷ, ಕಂತು 20,020 ರೂಪಾಯಿ. 25 ಲಕ್ಷ ಹೋಮ್ ಲೋನ್ 8.5 ಪರ್ಸೆಂಟ್, 20 ವರ್ಷ, ಕಂತು 21,700ರ ಹತ್ರ. ನಿನ್ನ ಜೇಬಿಂದ ತಿಂಗಳಿಗೆ ಹೋಗೋದು ಹೆಚ್ಚು ಕಮ್ಮಿ ಒಂದೇ, ಒಂದು ಕಡೆ ಕಿಟ್ಟು, ಇನ್ನೊಂದು ಕಡೆ 25 ಲಕ್ಷ.

ಮತ್ತೆ ಮನೇಲಿ ಎಲ್ರ ವರಮಾನ ಸೇರಿ ವರ್ಷಕ್ಕೆ 9 ಲಕ್ಷದ ಒಳಗಿದ್ದು, ದೇಶದಲ್ಲಿ ಎಲ್ಲೂ ಸ್ವಂತ ಪಕ್ಕಾ ಮನೆ ಇಲ್ದೇ ಇದ್ರೆ 2024ರಲ್ಲಿ ಬಂದ ಪಿಎಂಎವೈ (ಪ್ರಧಾನಮಂತ್ರಿ ಆವಾಸ್ ಯೋಜನೆ) ನಗರ 2.0 ನೋಡು. ಮನೆ ಬೆಲೆ 35 ಲಕ್ಷದ ಒಳಗೆ, ಸಾಲ 25 ಲಕ್ಷದ ಒಳಗೆ ಇದ್ರೆ ಬಡ್ಡಿ ಸಬ್ಸಿಡಿ 1.80 ಲಕ್ಷದ ತನಕ ಇದೆ, ಐದು ಕಂತಲ್ಲಿ ಕೊಡ್ತಾರೆ. ಮ್ಹಾಡಾ, ಅಂದ್ರೆ ಮಹಾರಾಷ್ಟ್ರ ಸರ್ಕಾರದ ವಸತಿ ಮಂಡಳಿ, ಅದರ ಪುಣೆ ಬೋರ್ಡ್‌ನ ಮನೆ ಲಾಟರಿಗೂ ಅರ್ಜಿ ಹಾಕು. ಲಾಟರಿ ಅಂದ್ರೆ ಮೂಗು ಮುರೀಬೇಡ, ನಮ್ಮ ಸೊಸೆ ತಮ್ಮನಿಗೆ ಮೂರನೇ ಸಲಕ್ಕೆ ಬಂತು.

ವಾಕಡ್_ವಾಸಿ
ಕಂತು ಒಂದೇ ಆದ್ರೂ ಅಕ್ಕಾ, ಕಿಟ್ಟಿನ ಸಾಲ 5 ವರ್ಷಕ್ಕೆ ಮುಗಿದು ಹೋಗುತ್ತೆ, ಇನ್ನೊಂದು 20 ವರ್ಷ. ನಂಗೀಗ 37. ಈ ಐಟಿ ಕೆಲಸ 57ರ ತನಕ ಇರುತ್ತೆ ಅಂತ ನಂಬಿಕೆ ಇದ್ದಿದ್ರೆ ಈ ಪ್ರಶ್ನೆ ಕೇಳ್ತಾನೇ ಇರ್ಲಿಲ್ಲ.

ಕೋಥ್ರೂಡ್_ಅಕ್ಕ
ಅದು ಸರಿಯಪ್ಪಾ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಗೆರೆಗಾರ್ತಿ
ನಾನು ಆರ್ಕಿಟೆಕ್ಚರ್ ಓದ್ತಾ ಇದೀನಿ ಕರ್ವೆನಗರದಲ್ಲಿ, ನಾಲ್ಕನೇ ವರ್ಷ. ಈ ಆಕಾರ ಎಲ್ಲಿಂದ ಬಂತು ನೋಡಿದ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ. 1934ರಲ್ಲಿ ರುಡಾಲ್ಫ್ ಶಿಂಡ್ಲರ್ ಕ್ಯಾಲಿಫೋರ್ನಿಯಾದ ಲೇಕ್ ಆರೋಹೆಡ್‌ನಲ್ಲಿ ಕಟ್ಟಿದ್ದು, 1955ರಲ್ಲಿ ಆಂಡ್ರ್ಯೂ ಗೆಲ್ಲರ್ ಲಾಂಗ್ ಐಲ್ಯಾಂಡ್ ಸಮುದ್ರದ ದಂಡೇಲಿ ಕಟ್ಟಿದ್ದು, ಎರಡೂ ರಜಾ ಮನೆಗಳು. ಯುದ್ಧ ಮುಗಿದ ಮೇಲೆ ಅಮೆರಿಕದ ಜನರ ಕೈಯಲ್ಲಿ ದುಡ್ಡು ಓಡಾಡ್ತಿತ್ತು, ಎರಡನೇ ಮನೆ ಅಗ್ಗಕ್ಕೆ ಬೇಕಿತ್ತು, ಕಿಟ್ಟುಗಳು ಜೋರಾಗಿದ್ದು ಆಗ. ಅಂದ್ರೆ ಅಗ್ಗ ಅಂದಿದ್ದು ಎರಡನೇ ಮನೆ ಲೆಕ್ಕಕ್ಕೆ, ಇರೋಕೆ ಮನೆ ಇಲ್ಲದವರ ಲೆಕ್ಕಕ್ಕಲ್ಲ. 2017ರಲ್ಲಿ ಇಟಲಿಯವ್ರು ಮಡಚಿ ತಂದು ಬಿಚ್ಚೋ ಎ ಫ್ರೇಮ್ ಮಾಡಿದ್ರು, ಸುದ್ದಿ ಆಯ್ತು, ಅದು 27 ಚದರ ಮೀಟರಿಗೆ 28 ಸಾವಿರ ಯೂರೋ.

ಇನ್ನು ಹಿಮ ಜಾರಲಿ ಅಂತ ಅಷ್ಟು ಕಡಿದು ಇಳಿಜಾರು ಅಂತಾರೆ, ಇಲ್ಲಿ ಹಿಮ ಇಲ್ಲ ಆದ್ರೆ ಮಳೆ ಇದೆಯಲ್ಲ ಅನ್ನಿಸ್ಬಹುದು. ಮಳೆ ನೀರು ಜಾರುತ್ತೆ ನಿಜ. ಆದ್ರೆ ಮಲೆನಾಡು ಕೊಂಕಣದ ಮನೇಲಿ ಇಳಿಜಾರಿನ ಜೊತೆ ಸೂರು ಇರುತ್ತೆ, ಮೂರಡಿ ಮುಂದೆ ಬಂದು ಗೋಡೆ ಕಾಯುತ್ತೆ. ಎ ಫ್ರೇಮಿಗೆ ಅಕ್ಕಪಕ್ಕ ಸೂರೇ ಇಲ್ಲ, ಅಷ್ಟೂ ನೀರು ಸೀದಾ ಫ್ರೇಮಿನ ಕಾಲ ಬುಡಕ್ಕೆ ಬೀಳುತ್ತೆ. ಮುಂದಿನ ಗಾಜು ವ್ಯೂ ಸಿಗ್ಲಿ ಅಂತ ಪಶ್ಚಿಮಕ್ಕೆ ಮುಖ ಮಾಡಿದ್ರೆ ಜೂನ್‌ನಿಂದ ಸೆಪ್ಟೆಂಬರ್ ತನಕ ನೈಋತ್ಯದ ಮಳೆ ಅದಕ್ಕೇ ಬಾರಿಸುತ್ತೆ, ಮೇ ತಿಂಗಳು ಸಂಜೆ ಬಿಸಿಲು ಬೇರೆ.

ಕುಡ್ಲದವ_ಠಾಣೆ
ಹೌದು ಮೇಡಂ, ಕಾಲಬುಡದಲ್ಲಿ ತುಕ್ಕು ಹಿಡಿದು ಎರಡನೇ ವರ್ಷವೇ ಉಜ್ಜಿ ರೆಡ್ ಆಕ್ಸೈಡ್ ಹಚ್ಚಿಸ್ಬೇಕಾಯ್ತು. ಈಗ ಸುತ್ತ ಒಂದೂವರೆ ಅಡಿ ಜಲ್ಲಿ ತುಂಬಿಸಿ ಚರಂಡಿ ಮಾಡಿದ್ದೇನೆ. ಮರದ ಕಿಟ್ ತಗೊಳ್ಳುವವರಿಗೆ ಇನ್ನೂ ಕಷ್ಟ, ನಮ್ಮ ಪಕ್ಕದ ಪ್ಲಾಟಿನವರು ಹೊರದೇಶದ ಪೈನ್ ಹಾಕಿಸಿದ್ರು, ಒರಲೆ ತಿಂದು ಕೆಳಗಿನ ಹಲಗೆ ರೊಟ್ಟಿ ಹಾಗೆ ಆಗಿದೆ, ಬೆರಳು ಒತ್ತಿದ್ರೆ ಒಳಗೆ ಹೋಗ್ತದೆ.

ಪೇಡಾಪ್ರಿಯ
ಗಾಳಿ ಬಗ್ಗೆನೂ ಒಂದ್ ಮಾತು ಹೇಳಿ ಬಿಡ್ತೀನಿ. 2020ರ ಜೂನ್ 3ಕ್ಕ ನಿಸರ್ಗ ಚಂಡಮಾರುತ ರಾಯಗಡದ ದಂಡಿಗೆ ಬಂತಲ್ರಿ, ಆಮ್ಯಾಲ ಅಲಿಬಾಗ ಶ್ರೀವರ್ಧನ ಕಡೆ ಶೆಡ್ ರಿಪೇರಿಗೆ ನಮ್ಮ ಹುಡುಗೂರನ್ನ ಕಳಿಸಿದ್ವಿ. ಹಾರಿ ಹೋಗಿದ್ದು ಬಹುತೇಕ ಚಪ್ಪಟಿ ಇಳಿಜಾರಿನ ತಗಡು, ಗಾಳಿ ಅದನ್ನ ಮ್ಯಾಲ ಎತ್ತತೇತಿ. ಕಡಿದು ಇಳಿಜಾರಿಗೆ ಎತ್ತೂದು ಕಮ್ಮಿ, ಆದ್ರ ಅಡ್ಡ ದಬ್ಬೂದು ಹೆಚ್ಚು, ಹಡಗಿನ ಹಾಯಿ ಇದ್ದಂಗ ಆಗ್ತೇತಿ ಅದು. ಹಂಗಾಗಿ ಆಂಕರ್ ಬೋಲ್ಟ್ ಎಷ್ಟು, ಎಷ್ಟು ಆಳ, ಡ್ರಾಯಿಂಗ್‌ನ್ಯಾಗ ಯಾವ ಗಾಳಿ ವೇಗಕ್ಕ ಲೆಕ್ಕ ಹಾಕ್ಯಾರ, ಕೇಳ್ರಿ. ಉತ್ತರ ಕೊಡಲಿಲ್ಲಂದ್ರ ಅವ ಕಿಟ್ ಮಾರಾಂವ ಅಲ್ಲ, ಫೋಟೋ ಮಾರಾಂವ. ಮುಳಶಿ ವೆಲ್ಹೆ ಕಡೆ ಗುಡ್ಡ ಕಡಿದು ಪ್ಲಾಟ್ ಮಾಡಿರ್ತಾರ, ಅದೂ ನೋಡ್ರಿ, 2014ರಾಗ ಇದ ನಮ್ಮ ಪುಣೆ ಜಿಲ್ಲಾದಾಗ ಮಾಳಿಣ ಊರಿಗೆ ಊರ ಗುಡ್ಡದ ಕೆಳಗ ಹೋತು.

ವಾಸ್ಕೋ_ಹುಡುಗ
ನಾ ಗೋವಾದಾಂವ, ಅಂದ್ರ ಹುಟ್ಟಿದ್ದು ಇಲ್ಲೆ, ನಮ್ಮಪ್ಪ ಬಾಗಲಕೋಟಿ ಕಡಿಂದ ಗೌಂಡಿ ಕೆಲಸಕ್ಕ ಬಂದಾವ. ಮೊದಲಿಂದ ಓದ್ಕೊತ ಬಂದೆ, ನಗಿ ಬಂತು, ಸಿಟ್ಟಿಲ್ಲ. ನೀವು ಕಿಟ್ ಮನಿ ಅಂತಿರಲ್ಲ, ನಾವು ಹತ್ತು ವರ್ಷ ಅಂಥಾದ್ರಾಗ ಇದ್ದೇವಿ. ಆಂಗಲ್ ಪಟ್ಟಿ, ತಗಡು, ನಟ್ಟು ಬೋಲ್ಟು. ಸೈಟ್ ಮುಗೀತಂದ್ರ ಬಿಚ್ಚೂದು, ಟೆಂಪೋದಾಗ ಹಾಕೂದು, ಮುಂದಿನ ಸೈಟಿನ್ಯಾಗ ಕಟ್ಟೂದು. ಅವ್ವ ತಗಡಿನ ಮ್ಯಾಲ ಖಡು, ಅಂದ್ರ ಸೀಮೆಸುಣ್ಣದಿಂದ ನಂಬರ್ ಹಾಕಿರ್ತಿದ್ಲು ಯಾವುದು ಎಲ್ಲಿ ಅಂತ. ಅದರ ಫೋಟೋ ಯಾರೂ ಹಾಕ್ಲಿಲ್ಲ ಅಷ್ಟ.

ಈಗ ಝುವಾರಿನಗರದಾಗ ಒಂದು ಖೋಲಿ ಐತಿ ನಮ್ಮದು. ಇಲ್ಲಿ ನಮ್ಮ ಮಂದಿಗೆ ಮನಿ ಕಟ್ಟೂದು ಎಂದೂ ತ್ರಾಸ ಇರಲಿಲ್ರಿ, ಕಟ್ಟೂದ ನಮ್ಮ ಕೆಲಸ. ತ್ರಾಸ ಇದ್ದದ್ದು ಕಾಲ ಕೆಳಗಿನ ನೆಲದ್ದು. 2004ರಾಗ ಇಲ್ಲೆ ವಾಸ್ಕೋದ ಬೈನಾದಾಗ ಮನಿ ಕೆಡವಿದಾಗ ನಾ ಸಣ್ಣಾವ, ನಮ್ಮ ಕಾಕಾನ ಮನಿ ಹೋತು, ತಗಡು ಆರಿಸ್ಕೊಂಡು ಬಂದ್ರು, ತಗಡು ಉಳೀತು ಜಾಗ ಹೋತು. ನಿಮ್ಮ 9 ಲಕ್ಷದ ಕಿಟ್ಟೂ ಅಷ್ಟ, ಬಿಚ್ಕೊಂಡು ಬರಬಹುದು, ಎಲ್ಲಿ ಇಡ್ತೀರಿ?

ಕೋಥ್ರೂಡ್_ಅಕ್ಕ
ಮಗಾ, ನಾನು ಸಾಲ ಸಾಲ ಅಂತ ಅಷ್ಟುದ್ದ ಬರೆದಿದ್ದನ್ನ ನೀನು ಒಂದು ಸಾಲಲ್ಲಿ ಕೇಳ್ಬಿಟ್ಟೆ.

ಸೊಲ್ಲಾಪುರ_ಚಾದರ
ಖಡು ನಂಬರ್ ಹಾಕೂದು ನಮ್ಮನ್ಯಾಗೂ ಇತ್ತು, ಮದುವಿ ಮಂಟಪದ ಬೊಂಬಿಗೆ.

ಗೆರೆಗಾರ್ತಿ
ವಾಸ್ಕೋ ಅಣ್ಣಾ, ಒಂದು ವಿಷಯಕ್ಕೆ ಮಾತ್ರ ಒಪ್ಪಲ್ಲ. ನೆಲ ಗಟ್ಟಿ ಇದ್ದವರಿಗೆ ಅರ್ಧ ಸಿದ್ಧ ಬರೋ ಮನೆ ಉಪಯೋಗಾನೇ. ಹಳ್ಳೀಲಿ ಗಾವಠಾಣದೊಳಗೆ, ಅಂದ್ರೆ ಊರಿನ ಮನೆಗಳಿರೋ ಜಾಗದೊಳಗೆ, ಅಪ್ಪನ ಜಾಗ ಇರುತ್ತೆ, ಪಿಎಂಎವೈ ಗ್ರಾಮೀಣದಲ್ಲಿ ಬಯಲಲ್ಲಿ 1.20 ಲಕ್ಷ ಗುಡ್ಡಗಾಡಿಗೆ 1.30 ಲಕ್ಷ ಕೊಡ್ತಾರೆ, 25 ಚದರ ಮೀಟರ್ ಮನೆ, ಅದ್ರಲ್ಲಿ ಗೋಡೆ ಏಳಬೇಕಾದ್ರೆ ದುಡ್ಡು ಮುಗಿದು ಮೇಲೆ ತಗಡು ಹಾಕಿ ಬಿಡ್ತಾರೆ. ಅಂಥಾ ಕಡೆ ಫ್ರೇಮ್ ಮಾತ್ರ ಫ್ಯಾಕ್ಟರಿಯಿಂದ ಬಂದು, ಗೋಡೆ ಅಲ್ಲಿನ ಕಲ್ಲಲ್ಲೇ ಕಟ್ಕೊಂಡ್ರೆ? ಕೊಂಕಣದಲ್ಲಿ ಜಂಬಿಟ್ಟಿಗೆ ಕಲ್ಲು ಸಿಗುತ್ತೆ, ಅದ್ರದ್ದು ನಾಲ್ಕು ಅಡಿ ಗೋಡೆ ಏರ್ಸಿ ಅದ್ರ ಮೇಲಿಂದ ಇಳಿಜಾರು ಶುರು ಮಾಡಿದ್ರೆ ಬಗ್ಗಿ ಕಸ ಹೊಡಿಯೋ ಮೂಲೇನೂ ಇರಲ್ಲ, ಕಾಲಿಗೆ ತುಕ್ಕೂ ಇಲ್ಲ, ಸೂರು ಬೇರೆ ಸಿಗುತ್ತೆ.

ಪೇಡಾಪ್ರಿಯ
ತಂಗೀ, ನಾಲ್ಕ ಅಡಿ ಗ್ವಾಡಿ ಏರಿಸಿ, ಸೂರು ಬಿಟ್ಟು, ಮ್ಯಾಲ ಹಂಚು ಹಾಕಿದ್ರ ಅದಕ್ಕ ಎ ಫ್ರೇಮ್ ಅಂತಾರೋ ನಮ್ಮಜ್ಜನ ಮನಿ ಅಂತಾರೋ? 😄 ಆದ್ರ ಐಡಿಯಾ ಬರೋಬ್ಬರಿ ಐತಿ. ಗ್ವಾಡಿ ತಲಿಗೆ ಒಂದು ಬೀಮ್ ಓಡಿಸಿ, ಅಡ್ಡ ಟೈ ಬಿಡಬ್ಯಾಡ, ಇಲ್ಲಂದ್ರ ಆ ದಬ್ಬೂದೆಲ್ಲ ಗ್ವಾಡಿ ಮ್ಯಾಲ ಬರ್ತೇತಿ.

ಕುಡ್ಲದವ_ಠಾಣೆ
ವಾಕಡ್‌ನವರೇ, ಇಷ್ಟು ಬರೆಯುವ ಬದಲು ಒಂದು ಕೆಲಸ ಮಾಡಿ. ನನ್ನ ಕ್ಯಾಬಿನ್ ಜುಲೈಯಲ್ಲಿ ಖಾಲಿ ಇರ್ತದೆ, ಆ ಮಳೆಗೆ ಯಾರೂ ಬರುದಿಲ್ಲ. ಒಂದು ಶನಿವಾರ ಮನೆಯವರನ್ನೆಲ್ಲ ಕರ್ಕೊಂಡು ಹೋಗಿ ಇದ್ದು ಬನ್ನಿ. ಬಾಡಿಗೆ ಎಂತ ಬೇಡ. ಪುಣೆ ಕಡೆಯ ಹೆಚ್ಚಿನವರು ಮಳೆಗಾಲ ಕಳೆದು, ಇಲ್ಲ ಡಿಸೆಂಬರಿನಲ್ಲಿ, ಚಂದ ಇರುವಾಗ ನೋಡಿ ಬುಕ್ ಮಾಡ್ತಾರೆ, ಅದೇ ತಪ್ಪು.

ವಾಕಡ್_ವಾಸಿ
ಐದು ವಾರ ಆದ ಮೇಲೆ ಬರೀತಾ ಇದೀನಿ, ಕ್ಷಮಿಸಿ. ಹೋಗಿ ಬಂದ್ವಿ, ಶನಿವಾರ ಸಂಜೆ ಹೋಗಿ ಭಾನುವಾರ ಮಧ್ಯಾಹ್ನ ವಾಪಸ್. ಠಾಣೆ ಅಣ್ಣನಿಗೆ ಮೊದಲು ಥ್ಯಾಂಕ್ಸ್, ಬೀಗದ ಕೈ ಕಳ್ಸಿ, ಫ್ರಿಜ್ಜಲ್ಲಿ ಹಾಲು ಮೊಸರು ಕೂಡ ಇಡ್ಸಿದ್ರು.

ಒಳ್ಳೇದು ಮೊದಲು. ಸೋರಲಿಲ್ಲ, ಒಂದು ಹನಿ ಸೋರಲಿಲ್ಲ, ಆ ಮಳೆಗೆ ವಾಕಡ್ ಫ್ಲಾಟಿನ ಬೆಡ್‌ರೂಮ್ ಗೋಡೆ ಪ್ರತಿ ವರ್ಷ ಒದ್ದೆ ಆಗುತ್ತೆ. ಬೆಳಗ್ಗೆ ಎದ್ದು ಗಾಜಿನಾಚೆ ಮಂಜು ನೋಡ್ತಾ ಕಾಫಿ ಕುಡಿದಿದ್ದು ಮರೆಯಲ್ಲ. ಹೆಂಡತಿಗೆ ತುಂಬಾ ಇಷ್ಟ ಆಯ್ತು. ಆದ್ರೆ ರಾತ್ರಿ ಮಳೆ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತು ಕೇಳಲ್ಲ, ಕೂಗಿ ಕೂಗಿ ಮಾತಾಡಿದ್ವಿ, ಒಳಗೆ ಅಷ್ಟೆಲ್ಲ ಬೋರ್ಡು ಹಾಕ್ಸಿದ ಮೇಲೂ. ಆಫೀಸ್ ಕಾಲ್ ತಗೊಳ್ಳೋದು ದೂರದ ಮಾತು. ಅಟ್ಟದ ಏಣಿ ನೋಡಿ ಅಮ್ಮ ಹತ್ತೋದೇ ಇಲ್ಲ ಅಂದ್ರು, ಕೆಳಗೆ ದಿವಾನ್ ಮೇಲೆ ಮಲಗಿದ್ರು, ಬೆಳಗ್ಗೆ ಎದ್ದೋರೇ ಇಳಿಜಾರಿಗೆ ತಲೆ ಹೊಡ್ಕೊಂಡ್ರು. ನಾನೂ ಎರಡು ಸಲ. ಬೀರು ಒಂದೂ ಗೋಡೆಗೆ ಒರಗಿಸಿ ಇಡೋಕಾಗಲ್ಲ, ಹಿಂದೆ ತ್ರಿಕೋನ ಜಾಗ ಖಾಲಿ ಬಿದ್ದಿರುತ್ತೆ, ಅಲ್ಲಿ ಜಿರಳೆ.

ಅಮ್ಮ ಎಲ್ಲ ಸುತ್ತ ನೋಡಿ ಕೊನೆಗೆ ಕೇಳಿದ್ದು ಒಂದೇ, ದೇವರ ಫೋಟೋ ಎಲ್ಲಿ ಹಾಕ್ತೀಯಾ, ಗೋಡೇನೇ ಇಲ್ವಲ್ಲೋ, ಮೊಳೆ ಹೊಡೆದ್ರೆ ದೇವರು ನಮ್ಮ ಮೇಲೆ ಬಗ್ಗಿ ನೋಡ್ತಾ ಇರ್ತಾನೆ ಅಂತ.

ಮುಳಶಿ ಬ್ರೋಕರ್‌ಗೆ ಬೇಡ ಅಂದಿದೀನಿ. ಸಾತಬಾರಾ ತೆಗೆಸಿದ್ದೆ, ಅಕ್ಕ ಹೇಳಿದ ಹಾಗೆ ಹದಿನಾಲ್ಕಿರ್ಲಿಲ್ಲ, ಹನ್ನೊಂದು ಹೆಸರಿತ್ತು, ಅದ್ರಲ್ಲಿ ಇಬ್ಬರು ಈಗಿಲ್ಲ. ಮ್ಹಾಡಾಗೆ ಅರ್ಜಿ ಹಾಕಿದೀನಿ. ಸಾಗರದ ಮನೆ ಹಿಂದೆ ಅಪ್ಪನ ಹೆಸರಲ್ಲಿ ಸ್ವಲ್ಪ ಜಾಗ ಇದೆ, ಅಲ್ಲಿಗೆ ಗೆರೆಗಾರ್ತಿಯವ್ರು ಹೇಳಿದ ನಾಲ್ಕಡಿ ಗೋಡೆದು ಒಂದು ಡ್ರಾಯಿಂಗ್ ಹಾಕ್ಸೋಣ ಅಂತ, ಫೀಸ್ ಕೊಡ್ತೀನಿ, ಫ್ರೀ ಬೇಡ. ಪೇಡಾ ಅಣ್ಣ ಬೋಲ್ಟ್ ಲೆಕ್ಕ ನೋಡಿ ಕೊಡಬೇಕು.

ಗೆರೆಗಾರ್ತಿ
ಇನ್ನೂ ಲೈಸೆನ್ಸ್ ಇಲ್ಲ ನಂಗೆ, ಸ್ಕೆಚ್ ಕೊಡ್ತೀನಿ, ಸಹಿ ನಮ್ಮ ಸರ್ ಕೈಲಿ ಹಾಕ್ಸಬೇಕು. ಜಾಗದ ಅಳತೆ, ಯಾವ ದಿಕ್ಕಿಗೆ ರಸ್ತೆ, ತೋಟ ಯಾವ ಕಡೆ ಕಳ್ಸಿ.

ಪೇಡಾಪ್ರಿಯ
ಬೋಲ್ಟ್ ಲೆಕ್ಕಕ್ಕ ಫೀಸು ಬ್ಯಾಡ. ಸಾಗರದ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಭರಣಿ.

ಕುಡ್ಲದವ_ಠಾಣೆ
ಅಮ್ಮನ ಕೊಡೆ ಇಲ್ಲೇ ಉಳಿದಿದೆ ಮಾರಾಯ್ರೆ, ಕಪ್ಪು, ಮರದ ಹಿಡಿ. ನೇತು ಹಾಕ್ಲಿಕ್ಕೆ ಎಲ್ಲಿಯೂ ಜಾಗ ಇಲ್ಲದೆ ಫ್ರಿಜ್ಜಿನ ಮೇಲೆ ಇಟ್ಟಿದ್ದೇನೆ. ಮುಂದಿನ ವಾರ ಪುಣೆಗೆ ಬರುವುದುಂಟು, ತರ್ತೇನೆ.